ವೀರೇಶಪ್ಪ ಮಾಸ್ತರರು ಅಂಕ ಕೇಳುತ್ತಿರಲಿಲ್ಲ

ಪರೀಕ್ಷೆ ಬರೆದ ಮಗು ಎದುರಿಗೆ ಸಿಕ್ಕರೆ ಊರಿಗೆ ಊರೇ ಕೇಳುವುದು ಒಂದೇ ಮಾತು: "ಎಷ್ಟು ಬಿದ್ದುವು?" ನಮ್ಮ ವೀರೇಶಪ್ಪ ಮಾಸ್ತರರು ಮಾತ್ರ ಇದ್ದಷ್ಟು ದಿನ ಆ ಮಾತು ಕೇಳಲಿಲ್ಲ. "ಯಾವ್ದು ತಪ್ಪಿತು?" ಎಂದು ಕೇಳುತ್ತಿದ್ದರು. ಕೇಳಿ, ಕನ್ನಡಕವನ್ನು ಹಣೆಗೆ ಏರಿಸಿ, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ಮಗು ತನ್ನ ತಪ್ಪು ಹೇಳಿ ಮುಗಿಸುವವರೆಗೆ ಆ ಕಣ್ಣು ತೆರೆಯುತ್ತಿರಲಿಲ್ಲ. ಯಾಕೆ ಹೀಗೆ ಎಂದು ನಾನೊಮ್ಮೆ ಕೇಳಿದ್ದೆ. "ನನ್ನ ಕಣ್ಣು ಕಂಡ್ರ ಹುಡುಗ್ರು ಅಂಜತಾವ್ರಿ ಅಕ್ಕಾರ. ಅಂಜಿದ್ರ ಸುಳ್ಳು ಹೇಳ್ತಾವ" ಅಂದರು.

ನಾನು ಹನುಮಸಾಗರದ ಹತ್ತಿರದ ನಮ್ಮೂರ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ನಾನು ಕಲಿತದ್ದು ಮೂರನೆಯ ಇಯತ್ತೆ. ಮುಂದಿನದನ್ನೆಲ್ಲ ಅಡುಗೆಕೋಣೆಯ ಕಿಟಕಿಯಿಂದ ಕೇಳಿ ಕಲಿತೆ. ಆ ಕಿಟಕಿಯ ಆಚೆಗೇ ಮಾಸ್ತರರ ಗಣಿತದ ತರಗತಿ. ಉಳಿದವರೆಲ್ಲ ನನ್ನನ್ನು "ಏ ಹನಮವ್ವ, ಅನ್ನ ಆತೇನು?" ಅನ್ನುವಾಗ ಅವರೊಬ್ಬರೇ "ಅಕ್ಕಾರ" ಅನ್ನುತ್ತಿದ್ದರು. ಅವರು ಗಂಗಾವತಿ ಕಡೆಯವರು, ಕಾಲುವೆ ನೀರು ಕುಡಿದವರು, ಮಾತಿನಲ್ಲಿ ನಾಲ್ಕಕ್ಕೊಂದು ತೆಲುಗು. ಹೆಣ್ಣುಮಕ್ಕಳನ್ನು "ಏಮ್ಮಾ" ಎಂದೇ ಕರೆಯುವುದು. ನಮ್ಮ ಜೋಳದ ರೊಟ್ಟಿಯನ್ನು ಮೊದಲ ವರ್ಷ ಎರಡು ಬೆರಳಲ್ಲಿ ಹಿಡಿದು ಹೊರಳಿಸಿ ನೋಡುತ್ತಿದ್ದರು.

"ಅನ್ನ ಉಣ್ಣದ ಮಂದಿಗೆ ಲೆಕ್ಕ ಹೆಂಗ ತಲಿಗೆ ಹೋಗತೈತ್ರಿ?" ಎಂದು ನನ್ನನ್ನು ಕೆಣಕುವರು.

"ಕೆಸರಾಗ ನಿಂತು ಬೆಳದದ್ದು ಉಂಡವರು ಬಿಸಲಾಗ ಹತ್ತು ಹೆಜ್ಜಿ ನಡದು ತೋರಸ್ರಿ ನೋಡೂಣು" ಎಂದು ನಾನು.

ಎರಡನೆಯ ವರ್ಷದ ಹೊತ್ತಿಗೆ ನಾಲ್ಕು ರೊಟ್ಟಿ ಸಾಲುತ್ತಿರಲಿಲ್ಲ. ಆದರೂ ಸೋಲು ಒಪ್ಪಿಕೊಳ್ಳಲಿಲ್ಲ. ಕೈ ತೊಳೆಯುತ್ತ "ಛಲೋ ಇತ್ರಿ, ಆದ್ರ ಅನ್ನ ಅನ್ನನs" ಅನ್ನುವರು. ಹಟಮಾರಿ ಅಂದರೆ ಹಟಮಾರಿ.

ಆ ಹಟ ಎಂಥದ್ದೆಂದು ನನಗೆ ಗೊತ್ತಾದದ್ದು ಲಿಫ್ಟಿನ ವರ್ಷ. ಆಗ ನನ್ನ ಮೊಮ್ಮಗಳು ಅಕ್ಷತಾ ಏಳನೆಯ ಇಯತ್ತೆ. ಮೇಲಿನಿಂದ ಒಂದು ಪರೀಕ್ಷೆ ಬಂತು. ಎಲ್ಲ ಶಾಲೆಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ದಿನ. ನಮ್ಮ ಶಾಲೆ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ ಬಿತ್ತು. ಒಬ್ಬರು ಅಧಿಕಾರಿ ಜೀಪಿನಲ್ಲಿ ಬಂದು, ಮಕ್ಕಳೆದುರಿಗೇ ಮಾಸ್ತರರನ್ನು ನಿಲ್ಲಿಸಿ ಬೈದರು. ನಾನು ಸೌಟು ಹಿಡಿದು ಕಿಟಕಿಯಲ್ಲಿ ನಿಂತಿದ್ದೆ. ಮಾಸ್ತರರು ಮಕ್ಕಳ ಕಡೆ ತಿರುಗಿದರು.

"ಎಲ್ಲಾರಿಗೂ ಯಾವ್ದು ತಪ್ಪಿತು?"

"ಲಿಫ್ಟಿಂದು ಸರ್!"

ನೆಲದ ಕೆಳಗೆ ಎರಡು ಅಂತಸ್ತಿನಲ್ಲಿ ಇರುವ ಲಿಫ್ಟು ಐದು ಅಂತಸ್ತು ಮೇಲೆ ಏರಿದರೆ ಎಲ್ಲಿ ನಿಲ್ಲುತ್ತದೆ? ಇದು ಪ್ರಶ್ನೆ. ನಮ್ಮೂರಲ್ಲಿ ಮಾಳಿಗೆ ಇರುವುದೇ ಮೂರು ಮನೆಗೆ. ನೆಲದ ಕೆಳಗೆ ಅಂತಸ್ತು ಎಂದರೆ ಮಕ್ಕಳು ಹಗೇವು ಅಂದುಕೊಂಡಿದ್ದವು, ಜೋಳ ತುಂಬಿಡುವ ಹಗೇವು. ಅದರೊಳಗಿಂದ ಏನು ಮೇಲೆ ಬರುತ್ತದೆ ಎಂದು ತಿಳಿಯದೆ ಕೂತಿದ್ದವು.

ಮಾಸ್ತರರು ಮತ್ತೆ ಕೇಳಿದರು. "ಮೆಟ್ಟಿಲ ಬಾವ್ಯಾಗ ಇಳದೀರಿ. ನೀರು ಒಂದು ಮೆಟ್ಟಿಲಿಗೆ ಸಮ ಐತಿ, ನೀವು ಅದರ ಕೆಳಗ ಎರಡನೇ ಮೆಟ್ಟಿಲ ಮ್ಯಾಲ ನಿಂತೀರಿ. ಐದು ಮೆಟ್ಟಿಲ ಹತ್ತಿದ್ರ?"

"ನೀರಿನ ಮ್ಯಾಲ ಮೂರನೇ ಮೆಟ್ಟಿಲ ಸರ್!" ತರಗತಿಗೆ ತರಗತಿಯೇ ಕೂಗಿತು.

ಅಧಿಕಾರಿ ಬಿಡಲಿಲ್ಲ. "ಪ್ರಶ್ನೆ ಎಲ್ಲಾರಿಗೂ ಒಂದೇ ಇತ್ತಲ್ರೀ ಮಾಸ್ತರ."

"ಹೌದ್ರಿ ಸಾಹೇಬ್ರ, ಪ್ರಶ್ನೆ ಎಲ್ಲಾರಿಗೂ ಒಂದೇ. ಲಿಫ್ಟ ಎಲ್ಲಾರ ಊರಾಗ ಐತ್ಯೇನ್ರಿ?"

ಜೀಪು ಹೋಯಿತು. ನಾವೆಲ್ಲ ಮಾಸ್ತರರು ಗೆದ್ದರೆಂದು ಹಿಗ್ಗಿದೆವು. ಮಕ್ಕಳು ಕೇಕೆ ಹಾಕಿದವು. ಆಗ ಮಾಸ್ತರರು ಸಿಟ್ಟಾದರು ನೋಡಿ! "ಏನ್ ಗೆದ್ದೀವಿ? ನಾಳೆ ಪರೀಕ್ಷಿ ಬರದವರು ನಿಮ್ಮ ಸಲುವಾಗಿ ಲಿಫ್ಟ ತಗದು ಬಾವಿ ಇಡ್ತಾರೇನು? ಅವರ ಲಿಫ್ಟನ್ನೂ ಕಲೀಬೇಕು. ಕಲಿತ ಮ್ಯಾಲ ಬೈಯೂಣು."

ಮುಂದಿನ ಭಾನುವಾರ ಹನ್ನೊಂದು ಮಕ್ಕಳನ್ನು ಬಸ್ಸಿಗೆ ಹತ್ತಿಸಿ ಕೊಪ್ಪಳಕ್ಕೆ ಕರೆದುಕೊಂಡು ಹೊರಟರು. ಹೆಣ್ಣುಮಕ್ಕಳಿದ್ದಾರೆಂದು ನಾನೂ ಹೊರಟೆ. ಒಂದು ಆಸ್ಪತ್ರೆಯ ಲಿಫ್ಟು. ಬಾಗಿಲು ತಾನೇ ಮುಚ್ಚಿಕೊಂಡಾಗ ನನ್ನ ಜೀವ ಬಾಯಿಗೆ ಬಂತು, ಪಕ್ಕದಲ್ಲಿದ್ದ ಮಾಸ್ತರರ ಅಂಗಿಯನ್ನೇ ಹಿಡಿದುಕೊಂಡೆ. ಮಕ್ಕಳಿಗೆ ಏನು ಸಂಭ್ರಮ! ಕೆಳಗೆ, ಮೇಲೆ, ಮತ್ತೆ ಕೆಳಗೆ. ಪ್ರತಿ ಸಲ ಬಾಗಿಲು ತೆರೆಯುವ ಮೊದಲೇ ಎಷ್ಟನೆಯದೆಂದು ಕೂಗಬೇಕು. ಏಳನೆಯ ಸಲಕ್ಕೆ ಕಾವಲುಗಾರ ಬಂದ.

"ಏನ್ರಿ ಇದು ಸಂತಿ? ಪೇಷಂಟ್ ಯಾರು?"

"ಎಲ್ಲಾರೂ ರೀ" ಅಂದರು ಮಾಸ್ತರರು. "ಲೆಕ್ಕದಾಗ ಬಿದ್ದು ಪೆಟ್ಟು ಮಾಡ್ಕೊಂಡಾವ."

ಮಾಸ್ತರರು ನಿವೃತ್ತರಾಗಿ ಗಂಗಾವತಿ ಕಡೆಯ ತಮ್ಮ ಊರಿಗೆ ಹೋದರು. ಹೋದರೂ ಬಿಡಲಿಲ್ಲ. ಅಕ್ಷತಾ ಕುಷ್ಟಗಿಯಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದಳು. ಸಿಇಟಿ ಅರ್ಜಿ ತುಂಬುವ ದಿನ ಅವರದೇ ಫೋನು. "ಏಮ್ಮಾ, ಅರ್ಜಿಯಾಗ ಕೃಷಿಕರ ಕೋಟಾ ಅಂತ ಕೇಳ್ಯಾರ ನೋಡು. ಹೌದು ಅಂತ ಹಾಕು. ಇವತ್ತು ಬಿಟ್ರ ಮುಂದ ಯಾರ ಕಾಲು ಹಿಡದ್ರೂ ಆಗಂಗಿಲ್ಲ."

ಆಮೇಲೆ ಸಿಇಟಿ ಬರೆದಳು. ಭೌತಶಾಸ್ತ್ರ ಕೆಟ್ಟಿತು. ಬಂದವಳೇ ಬಾಗಿಲ ಹಿಂದೆ ಕೂತು ಅತ್ತಳು. ಅವಳಪ್ಪ, ನನ್ನ ಮಗ, ಟ್ರ್ಯಾಕ್ಟರ್ ಹೊಡೆಯುವವನು. ಅವನಿಗೆ ಮಗಳು ಅಳುವುದನ್ನು ನೋಡಲಾಗುವುದಿಲ್ಲ, ಹೊಲಕ್ಕೆ ಹೋಗಿಬಿಟ್ಟ. ಪಕ್ಕದ ಮನೆಯ ಗುರುಬಸಪ್ಪ ಬಂದು ಕಟ್ಟೆಯ ಮೇಲೆ ಕೂತ. ಅವನ ಮಗ ಧಾರವಾಡದಲ್ಲಿ ಎರಡು ವರ್ಷ ಕೋಚಿಂಗ್ ಓದಿದವನು. "ಹೋಗ್ಲಿ ಬಿಡು ಹನಮಕ್ಕ. ಇದು ಎಲ್ಲಾರಿಗೂ ಆಗೂ ಮಾತಲ್ಲ. ಇಲ್ಲೇ ಡಿಗ್ರಿಗೆ ಹಚ್ಚು, ಒಂದು ಛಲೋ ವರ ನೋಡು" ಅಂದ. ಆ ಮಾತು ಬಾಗಿಲ ಹಿಂದಕ್ಕೂ ಕೇಳಿಸಿತು. ಅಳು ನಿಂತುಬಿಟ್ಟಿತು. ಅಳುವುದಕ್ಕಿಂತ ಆ ನಿಂತದ್ದೇ ನನಗೆ ಹೆಚ್ಚು ಹೆದರಿಕೆ ತಂದಿತು. ಮಾಸ್ತರರಿಗೆ ಫೋನು ಹಚ್ಚಿಸಿದೆ.

ಮರುದಿನ ಮೊದಲ ಬಸ್ಸಿಗೆ ಬಂದರು. ಕೊಡೆ ಮೂಲೆಗಿಟ್ಟು, ಕನ್ನಡಕ ಹಣೆಗೇರಿಸಿ, ಕಣ್ಣು ಮುಚ್ಚಿ ಕೂತರು. "ಯಾವ್ದು ತಪ್ಪಿತು?"

ಅಕ್ಷತಾ ಒಂದೊಂದಾಗಿ ಹೇಳಿದಳು. ಬಹಳ ಹೊತ್ತು ಹೇಳಿದಳು. ಮುಗಿದ ಮೇಲೆ ಮಾಸ್ತರರು ಕಣ್ಣು ತೆರೆದು ನನ್ನ ಕಡೆ ತಿರುಗಿದರು.

"ಅಕ್ಕಾರ, ಒಲಿಗೆ ಎಷ್ಟು ಗುಂಡು ಕಲ್ಲು?"

"ಮೂರ್ರಿ."

"ಒಂದು ಸಣ್ಣದಾದ್ರ ಗಡಿಗಿ ಉಳ್ಳಾಡತೈತೋ ಇಲ್ಲೋ?"

"ಉಳ್ಳಾಡತೈತ್ರಿ. ಉಳಿದ ಎರಡನ್ನ ಸರಿಸಿ ಗಟ್ಟಿ ಮಾಡ್ತೀನಿ. ಸಣ್ಣದರ ಬುಡಕ ಒಂದು ಹಂಚಿನ ಚೂರು ಕೊಡ್ತೀನಿ."

"ಹಂಗ ನೋಡ್ರಿ ಇದು." ಅವರು ಬಿಡಿಸಿ ಹೇಳಿದರು. ಕೃಷಿ ಪದವಿಯ ಸೀಟು ಹಂಚುವಾಗ ಬೇಸಾಯದ ಮನೆಯ ಮಕ್ಕಳಿಗೆಂದು ಒಂದು ಪಾಲು ತೆಗೆದಿಡುತ್ತಾರೆ. ಆ ಪಾಲು ಸುಮ್ಮನೆ ಕೈಗೆ ಬೀಳುವುದಿಲ್ಲ. ಅದಕ್ಕೆ ಇನ್ನೊಂದು ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ. ಬೀಜ, ಕಳೆ, ಹುಳ, ಗೊಬ್ಬರ, ಬೇಸಾಯದ ಸಾಮಾನು ನೋಡಿ ಗುರುತು ಹಿಡಿದು ಬರೆಯಬೇಕು. ಅದರ ಅಂಕ, ಪಿಯುಸಿ ಅಂಕ, ಸಿಇಟಿ ಅಂಕ, ಮೂರನ್ನೂ ಕೂಡಿಸಿ ಒಂದು ರ‍್ಯಾಂಕು. "ಪಿಯುಸಿ ಈಕಿ ಛಲೋ ಬರದಾಳ. ಸಿಇಟಿ ಗುಂಡು ಸಣ್ಣದಾಗೈತಿ, ಆದ್ರ ಅದೂ ಒಂದು ಗುಂಡು, ಅದನ್ನ ತಗದು ಒಗದ್ರ ಗಡಿಗಿನs ಇಲ್ಲ. ಇನ್ನ ಮೂರನೇದು ಉಳದೈತಿ. ಅದಕ್ಕ ಮಾಸ್ತರ ನಾನಲ್ರಿ. ನೀವು."

"ನಾನೇನ್ರಿ?"

"ಜೋಳಕ್ಕೂ ಸಜ್ಜಿಗೂ ನನಗ ಇನ್ನೂ ಗೊಂದಲ ಆಗತೈತ್ರಿ ಅಕ್ಕಾರ. ನಾನು ಅನ್ನದವ."

ಅಷ್ಟು ವರ್ಷದಲ್ಲಿ ಮೊದಲ ಸಲ ಸೋಲು ಒಪ್ಪಿಕೊಂಡದ್ದು ಅಂದು!

ಹೀಗೆ ಮೂರನೆಯ ಇಯತ್ತೆಯ ನಾನು ಸಿಇಟಿ ಮಾಸ್ತರಳಾದೆ. ಊರ ಮನೆಮನೆಗೆ ಹೋಗಿ ಒಂದೊಂದು ಹಿಡಿ ಕಾಳು ತಂದೆ. ನವಣೆ, ಸಾವೆ, ಬರಗು, ಅಗಸೆ, ಗುರೆಳ್ಳು, ಮಡಿಕೆ, ಹುರುಳಿ, ಪುಂಡಿ ಬೀಜ. ಚಹಾ ಕಪ್ಪುಗಳಲ್ಲಿ ಹಾಕಿ ಸಾಲಾಗಿ ಇಟ್ಟೆ. ಅಕ್ಷತಾಳ ಕಣ್ಣಿಗೆ ನನ್ನ ಸೆರಗು ಕಟ್ಟಿ, ಕೈಯಲ್ಲಿ ಮುಟ್ಟಿ ಹೇಳು ಅಂದೆ. ನಾನು ಕಲಿತದ್ದು ಹಾಗೇ, ನಮ್ಮವ್ವ ಕಲಿಸಿದ್ದು ಹಾಗೇ. ಮಾಸ್ತರರು ಮೂಲೆಯಲ್ಲಿ ಕೂತು ಚುರುಮುರಿ ಮೆಲ್ಲುತ್ತ ಗೊಣಗಿದರು: "ಅಕ್ಕಾರ, ಅಲ್ಲಿ ಕಣ್ಣಿಲೆ ನೋಡಿ ಬರಿಯೂದೈತ್ರಿ, ಕೈಲೆ ಅಲ್ಲ."

"ಈಗ ಮಾಸ್ತರ ಯಾರು? ನೀವೋ ನಾನೋ?"

"ನೀವರಿ" ಎಂದು ಬಾಯಿ ಮುಚ್ಚಿಕೊಂಡರು. ಅವರ ಪಾಲಿಗೆ ಗೊಬ್ಬರ ಮತ್ತು ಹುಳ ಉಳಿದವು. ಅದಕ್ಕೆ ಪುಸ್ತಕ ತಂದಿದ್ದರು. ಒಂದು ತಿಂಗಳು, ವಾರಕ್ಕೆ ಎರಡು ಸಲ, ಗಂಗಾವತಿಯಿಂದ ಎರಡು ಬಸ್ಸು ಬದಲಿಸಿ ಬಂದರು. ಆಗಲೇ ಅವರಿಗೆ ಕೆಮ್ಮು ಹತ್ತಿತ್ತು. ನಾನು ಅದನ್ನು ಬಿಸಿಲಿನ ಕೆಮ್ಮು ಅಂದುಕೊಂಡೆ.

ಪರೀಕ್ಷೆಗೆ ರಾಯಚೂರಿಗೆ ನಾನೇ ಕರೆದುಕೊಂಡು ಹೋದೆ. ಮಾಸ್ತರರಿಗೆ ಆ ದಿನ ಜ್ವರ. ಹೊರಗೆ ಬೇವಿನ ಗಿಡದ ಕೆಳಗೆ ಒಂದು ತಾಯಿ ಮಗಳು ಕೂತಿದ್ದರು. ಮಗಳ ಮಡಿಲಲ್ಲಿ ಕಾಳು ತುಂಬಿದ ಸಣ್ಣ ಸಣ್ಣ ಪ್ಲಾಸ್ಟಿಕ್ ಚೀಲಗಳು, ಪ್ರತಿಯೊಂದರ ಮೇಲೂ ಹೆಸರು. ಈ ಪರೀಕ್ಷೆಗೂ ಕೋಚಿಂಗ್ ಇದೆಯಂತೆ, ಅಲ್ಲಿ ಕೊಟ್ಟದ್ದಂತೆ! ನನಗೆ ನಗು ತಡೆಯಲಿಲ್ಲ. ಮರುಕ್ಷಣ ನಗು ನಿಂತಿತು. ಸಾವೆ ಎಂದು ಬರೆದ ಚೀಲದಲ್ಲಿ ಇದ್ದದ್ದು ನವಣೆ. ನವಣೆ ಎಂದು ಬರೆದದ್ದರಲ್ಲಿ ಸಾವೆ. ಯಾರೋ ಅದಲು ಬದಲು ತುಂಬಿದ್ದರು.

"ತಂಗಿ, ಇವೆರಡೂ ಅದಲಿ ಬದಲಿ ಆಗ್ಯಾವ ನೋಡವಾ" ಅಂದೆ.

ಆ ಹುಡುಗಿ ಬೆವರಿಬಿಟ್ಟಳು. ತಾಯಿ ನನ್ನ ಕಾಲು ಮುಟ್ಟಲು ಬಂದಳು. ಅಕ್ಷತಾ ನನ್ನನ್ನು ಪಕ್ಕಕ್ಕೆ ಎಳೆದು, "ಆಯಿ, ಆಕಿಗ್ಯಾಕ ಹೇಳಿದಿ? ಆಕಿಗೆ ಒಂದು ಅಂಕ ಹೆಚ್ಚಾದ್ರ ನನ್ನ ರ‍್ಯಾಂಕು ಒಂದು ಕೆಳಗ ಹೋಗತೈತಿ" ಅಂದಳು.

"ಹೋಗ್ಲಿ. ಕಾಳಿಗೆ ತಪ್ಪು ಹೆಸರು ಹೇಳಾಕ ಬಿಟ್ಟು ನಾ ಸುಮ್ಮನ ಕುಂದರಬೇಕನ? ಆಕಿಗಿಂತ ಮುಂದ ಹೋಗೂದಿದ್ರ ನೀ ಬರದು ಹೋಗು."

ಒಳಗೆ ಆದದ್ದನ್ನು ಅವಳೇ ಆಮೇಲೆ ಹೇಳಿದಳು. ಮೇಜುಗಳ ಮೇಲೆ ಸಾಲಾಗಿ ನಂಬರು ಹಚ್ಚಿದ ಸಾಮಾನು. ಬೀಜಗಳೆಲ್ಲ ಗಾಜಿನ ಶೀಶೆಯೊಳಗೆ, ಬಿಗಿ ಮುಚ್ಚಳ. ನಾನು ಕಲಿಸಿದ ಕೈ ಅಲ್ಲಿ ಏನು ಮಾಡಬೇಕು? ಒಂದು ಶೀಶೆಯ ಮುಂದೆ ನಿಂತೇಬಿಟ್ಟಳಂತೆ. ಕೆಂಪೆಳ್ಳೋ ಅಗಸೆಯೋ, ಹೆದರಿಕೆಗೆ ಕಣ್ಣು ಮಂಜಾಗಿ ತಿಳಿಯಲೊಲ್ಲದು. ಮೇಲ್ವಿಚಾರಣೆಯ ಸರ್ ಅವರನ್ನು ಕೇಳಿದಳಂತೆ: "ಮುಚ್ಚಳ ತಗೀಬಹುದೇನ್ರಿ ಸರ್?"

"ಇಲ್ಲಮ್ಮ, ಮುಟ್ಟಂಗಿಲ್ಲ."

"ಶೀಶೆ ಅಲ್ಲಾಡಿಸಬಹುದೇನ್ರಿ?"

ಅವರು ಇವಳ ಮುಖ ನೋಡಿ, "ಅಲ್ಲಾಡ್ಸು" ಅಂದರಂತೆ. ಕಿವಿಯ ಹತ್ತಿರ ಹಿಡಿದು ಓರೆ ಮಾಡಿದಳು. ಅಗಸೆ ಒಂದರ ಮೇಲೊಂದು ನಿಲ್ಲುವುದಿಲ್ಲ, ನೀರು ಹರಿದಂತೆ ಜಾರುತ್ತದೆ. ಜಾರಿತು. ಬರೆದಳು. ಕೇಳಿದರೆ ಏನು ಹೋಗುತ್ತದೆ ಎನ್ನುವ ಆ ಧೈರ್ಯ ನನ್ನದಲ್ಲ, ಜೀಪಿನ ಸಾಹೇಬರೆದುರು ನಿಂತವರದು.

ಪಟ್ಟಿ ಬಂತು. ಸೀಟು ಸಿಕ್ಕಿತು! ಬಿಎಸ್ಸಿ ಕೃಷಿ, ಸರಕಾರಿ ಸೀಟು! ಮೊಬೈಲಿನಲ್ಲಿ ಅವಳ ಹೆಸರು ನೋಡಿ ನನ್ನ ಮಗ ಟ್ರ್ಯಾಕ್ಟರಿನ ಹಾರನ್ನನ್ನು ಓಣಿಯ ತುದಿಯವರೆಗೆ ಒತ್ತಿಕೊಂಡೇ ಬಂದ. ನಾನು ಶಾಲೆಯಲ್ಲಿ ಆ ದಿನ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದೆ. ಮಕ್ಕಳು ನೀರು ಕುಡಿದು ಕುಡಿದು ಉಂಡವು, ಒಂದೂ ಬೈಯಲಿಲ್ಲ.

ಗುರುಬಸಪ್ಪ ಮಾತ್ರ ಕಟ್ಟೆಗೆ ಬಂದು ಕೂತ. "ಛಲೋ ಆತು ಬಿಡು ಹನಮಕ್ಕ. ಆದ್ರೂ ಅದು ಕೋಟಾ ಸೀಟಲ್ಲ? ಕಾಳು ಗುರ್ತು ಹಿಡದಿದ್ದಕ್ಕ ಕೊಟ್ಟಾರ."

ಹೌದು, ಕೋಟಾ ಸೀಟೇ. ನಾನು ಮುಚ್ಚಿಡುವುದಿಲ್ಲ. ಓಣಿಗೆಲ್ಲ ಕೇಳುವಂತೆ ಹೇಳಿದೆ: "ಹೌದಪಾ, ಕಾಳು ಗುರ್ತು ಹಿಡದಿದ್ದಕ್ಕನs ಕೊಟ್ಟಾರ. ಒಕ್ಕಲುತನ ಕಲಿಯೂ ಸಾಲಿಗೆ ಕಾಳು ಗುರ್ತು ಹಿಡಿಯವರನ್ನ ತಗೋಬಾರದು, ಮತ್ಯಾರನ್ನ ತಗೋಬೇಕು? ನಿನ್ನ ಮಗ ಬರದ ಸಿಇಟಿನ ಈಕಿನೂ ಬರದಾಳ. ಅದs ಪ್ರಶ್ನಿ, ಅದs ಗಡಿಯಾರ. ಆಮ್ಯಾಲ ಅವ ಬರೀದ ಇನ್ನೊಂದನ್ನೂ ಬರದಾಳ. ಒಂದು ಪರೀಕ್ಷಿ ಹೆಚ್ಚಿಗಿ ಬರದಾಕಿ ಕಡಿಮಿ ಹೆಂಗಾದ್ಲೋ?"

ಗುರುಬಸಪ್ಪ ಎದ್ದು ಹೋದ. ನಾನು ಕೂಗಿ ಕರೆದು ಕೈಯಲ್ಲಿ ಒಂದು ಪೇಡೆ ಇಟ್ಟೇ ಕಳಿಸಿದೆ. ತಿಂದ ಕೂಡ.

ಆ ವಾರವೇ ಅಕ್ಷತಾಳನ್ನು ಕರೆದುಕೊಂಡು ಮಾಸ್ತರರ ಊರಿಗೆ ಹೋದೆ. ಹೇಮಗುಡ್ಡ ದಾಟಿದ ಮೇಲೆ ಹಸಿರು ಶುರುವಾಯಿತು. ಎಲ್ಲಿ ನೋಡಿದರೂ ನೀರು ನಿಂತ ಗದ್ದೆ. ಮಾಸ್ತರರು ಅಂಗಳದ ಹೊರಸಿನ ಮೇಲೆ ಕೂತಿದ್ದರು. ಅರ್ಧ ಆಳಾಗಿದ್ದರು. ಎದೆಯ ರೋಗ, ಬಹಳ ಮುಂದೆ ಹೋಗಿದೆ ಎಂದು ಅವರ ಮಗಳು ಬಾಗಿಲಲ್ಲೇ ಪಿಸುಗುಟ್ಟಿದಳು. ನಾನು ಪೇಡೆಯ ಡಬ್ಬಿ ಹಿಡಿದು ನಿಂತೆ.

ಅಕ್ಷತಾ ಕಾಲಿಗೆ ಬಿದ್ದು, "ಸರ್, ಸೀಟು ಸಿಕ್ತು" ಅಂದಳು.

ಅವರ ಕೈ ನಿಧಾನಕ್ಕೆ ಏರಿತು. ಕನ್ನಡಕ ಹಣೆಗೆ ಹೋಯಿತು. ಕಣ್ಣು ಮುಚ್ಚಿದರು.

"ಆ ಪ್ರಾಯೋಗಿಕದಾಗ ಯಾವ್ದು ತಪ್ಪಿತು?"

"ಒಂದು ಸಾಮಾನು ಸರ್. ಉದ್ದ ಹಿಡಿಕಿ, ತುದಿಗೆ ಹಲ್ಲಿನ ಎರಡು ಉರುಳಿ, ಮುಂದ ದೋಣಿಯಂಥಾದ್ದು ಒಂದು ತಗಡು. ನಾನು ಎಡಿಕುಂಟಿ ಅಂತ ಬರದೆ. ಹೊರಗ ಬಂದು ಕೇಳಿದ್ರ, ಭತ್ತದ ಗದ್ದ್ಯಾಗ ಕಳಿ ತಗಿಯೂದಂತ."

ನಮ್ಮ ಎರೆಹೊಲದವರಿಗೆ ಸಾಲಿನ ನಡುವೆ ಕಳೆ ಕೀಳುವುದೆಂದರೆ ಎಡೆಕುಂಟೆ ಒಂದೇ. ಕೆಸರಿನಲ್ಲಿ ತಳ್ಳುವ ಸಾಮಾನು ನಾನೂ ಕಂಡವಳಲ್ಲ, ಅವಳಿಗೆ ಕಲಿಸುವುದೆಲ್ಲಿಂದ?

ಮಾಸ್ತರರು ಕಣ್ಣು ತೆರೆದರು. ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಹತ್ತಿತು, ಕೆಮ್ಮುತ್ತಲೇ ನಕ್ಕರು. ಮಗಳು ನೀರು ತಂದಳು. "ಅಯ್ಯೋ ರಾಮಾ! ಅಕ್ಕಾರ, ಎಲ್ಲಾ ಬಿಟ್ಟು ನನ್ನ ಬೆಳಿನs ತಪ್ಪಿಸ್ಯಾಳಲ್ರಿ! ನಿಮ್ಮ ಕಾಳು ಒಂದೂ ತಪ್ಪಲಿಲ್ಲ. ಅನ್ನದವನ ಪಾಠನs ಕೆಟ್ಟಿತು. ಮನಿ ಹಿಂದ ಬಿದ್ದೈತ್ರಿ ಅದು, ನಾ ತಂದು ತೋರಸಲಿಲ್ಲ."

ಸುಮ್ಮನಾಗಲಿಲ್ಲ. ಮಗಳಿಗೆ ಹೇಳಿ ಅದನ್ನು ತರಿಸಿದರು. ತುಕ್ಕು ಹಿಡಿದ, ಹಿಡಿಕೆ ಸವೆದ ಹಳೆಯ ಸಾಮಾನು. ಅಂಗಳದ ಮೂಲೆಯಲ್ಲಿ ಎಮ್ಮೆ ಮೈತೊಳೆದ ಕೆಸರಿತ್ತು. "ಏಮ್ಮಾ, ಅಲ್ಲಿ ಇಳಿ. ತಳ್ಳು. ಹಿಂದಕ ಎಳಿ. ಮತ್ತ ತಳ್ಳು." ಕಾಲೇಜಿಗೆಂದು ಹೊಲಿಸಿದ ಹೊಸ ಚೂಡಿದಾರ ಮೊಳಕಾಲಿನವರೆಗೆ ಕೆಸರಾಯಿತು. ಹೊರಸಿನ ಮೇಲಿಂದ ಅವರ ಕೈ ಗಾಳಿಯಲ್ಲಿ ಹಿಂದೆ ಮುಂದೆ ಆಡುತ್ತಿತ್ತು. ಬಹಳ ಹೊತ್ತಾದ ಮೇಲೆ "ಸಾಕು. ಇನ್ನ ಇದು ತಪ್ಪಂಗಿಲ್ಲ" ಅಂದರು.

ಪೇಡೆ ಒಂದು ಚೂರು ತಿಂದರು. ಅನ್ನ ಉಂಡೇ ಹೋಗಬೇಕೆಂದು ಹಟ ಹಿಡಿದರು. ನಾನು ಎರಡು ಸಲ ನೀಡಿಸಿಕೊಂಡು ಉಂಡೆ. ಏಳುವಾಗ "ಛಲೋ ಇತ್ರಿ ಮಾಸ್ತರ, ಆದ್ರ ರೊಟ್ಟಿ ರೊಟ್ಟಿನs" ಅಂದೆ. ಅದೇ ನಾನು ಅವರಿಗೆ ಹೇಳಿದ ಕಡೆಯ ಮಾತು. ಸುಗ್ಗಿಗೆ ಮೊದಲೇ ಹೋಗಿಬಿಟ್ಟರು.

ಮೊನ್ನೆ ಅಕ್ಷತಾ ಮೊದಲ ಪರೀಕ್ಷೆ ಮುಗಿಸಿ ಊರಿಗೆ ಬಂದಳು. ಚೀಲ ಇಳಿಸುವ ಮೊದಲೇ ಓಣಿಯವರೆಲ್ಲ ಸುತ್ತುವರಿದು "ಎಷ್ಟು ಬಿದ್ದುವು, ಎಷ್ಟು ಬಿದ್ದುವು" ಎಂದು ಕೇಳಿದರು. ಅವಳು ಎಲ್ಲರಿಗೂ ನಗುತ್ತ ಹೇಳಿದಳು. ಹೇಳಿ ಮುಗಿದ ಮೇಲೂ ಅವಳ ಮುಖ ಯಾರನ್ನೋ ಹುಡುಕುವಂತಿತ್ತು. ಅಡುಗೆಮನೆಗೆ ಬಂದು ನನ್ನ ಎದುರು ಕೂತಳು.

ನನ್ನ ಹತ್ತಿರ ಕನ್ನಡಕವಿಲ್ಲ. ಬಡಿಯುತ್ತಿದ್ದ ರೊಟ್ಟಿ ಹಂಚಿಗೆ ಹಾಕದೆ ಮರದ ಕೊಣಮಿಗೆಯಲ್ಲೇ ಬಿಟ್ಟು, ಹಿಟ್ಟಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದೆ.

"ಯಾವ್ದು ತಪ್ಪಿತು?" ಅಂದೆ.